ಉಪದೇಶ ಮತ್ತು ಸಾಕ್ಷಿ: ಅಮೆರಿಕದ ಕ್ರೈಸ್ತ ರ‍್ಯಾಪ್ ಕುರಿತು ಒಂದು ಟಿಪ್ಪಣಿ

ಅಮೆರಿಕದ ಕ್ರೈಸ್ತ ರ‍್ಯಾಪ್‌ನ ಇತಿಹಾಸವನ್ನು ಇಳಿಮುಖದ ಕಥೆಯಾಗಿ ಹೇಳುವ ರೂಢಿಯೊಂದಿದೆ. ಮೊದಲಿನವರು ಹಾಡಿನ ತುಂಬ ದೈವಶಾಸ್ತ್ರ ತುಂಬಿದರು, ಆಮೇಲೆ ಬಂದವರು ಮಾರುಕಟ್ಟೆಗಾಗಿ ಯೇಸುವಿನ ಹೆಸರನ್ನು ಮೆಲ್ಲಗೆ ಬದಿಗಿಟ್ಟರು ಎಂಬುದು ಅದರ ಸಾರ. ಈ ಓದು ಒಂದು ಸಂಗತಿಯನ್ನು ಕಾಣುವುದಿಲ್ಲ. ಉಪದೇಶ ಮತ್ತು ಸಾಕ್ಷಿ (ವಿಶ್ವಾಸಿ ತನ್ನ ಬದುಕಿನ ಕಥೆ ಹೇಳಿಕೊಳ್ಳುವುದು) ಎರಡೂ ಕ್ರೈಸ್ತ ಸಭೆಯ ಹಳೆಯ ಮಾತಿನ ಪ್ರಕಾರಗಳೇ. ಕ್ರೈಸ್ತ ರ‍್ಯಾಪ್‌ನಲ್ಲಿ ಆದದ್ದು ತೂಕ ಮೊದಲನೆಯದರಿಂದ ಎರಡನೆಯದಕ್ಕೆ ಸರಿದದ್ದು ಎಂಬುದು ಈ ಟಿಪ್ಪಣಿಯ ವಾದ.

1. ಉಪದೇಶದ ಧಾರೆ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಸುಮಾರಿಗೆ ಹುಟ್ಟಿದ ಹಿಪ್‌ಹಾಪ್ ದೇಶದ ಕಿವಿಗೆ ಬಿದ್ದದ್ದು 1979ರಲ್ಲಿ, ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಮೂಲಕ. ಆರೇ ವರ್ಷಕ್ಕೆ, 1985ರಲ್ಲಿ, ಓಕ್ಲಹೋಮಾದ ಸ್ಟೀಫನ್ ವೈಲಿ ‘ಬೈಬಲ್ ಬ್ರೇಕ್’ ಎಂಬ ಕ್ಯಾಸೆಟ್ ತಂದರು. ಅದರ ಶೀರ್ಷಿಕೆ ಹಾಡು ಬೈಬಲಿನ ಪುಸ್ತಕಗಳ ಹೆಸರುಗಳನ್ನು, ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ, ಬೀಟ್‌ಗೆ ಕೂರಿಸಿ ಬಾಯಿಪಾಠ ಮಾಡಿಸುತ್ತದೆ. ಅಂದರೆ ಮೊದಲ ಹೆಜ್ಜೆಯಲ್ಲೇ ರ‍್ಯಾಪ್ ಸಂಡೇ ಸ್ಕೂಲಿನ ಕೆಲಸವನ್ನು ವಹಿಸಿಕೊಂಡಿತ್ತು.

ಈ ಕೆಲಸವನ್ನು ಪ್ರೌಢಮಟ್ಟಕ್ಕೆ ಒಯ್ದದ್ದು ಫಿಲಡೆಲ್ಫಿಯಾ ನಗರ. ಅಲ್ಲಿನ ‘ಕ್ರಾಸ್ ಮೂವ್‌ಮೆಂಟ್’ ತಂಡದ ‘ಹೆವನ್ಸ್ ಮೆಂಟಾಲಿಟಿ’ ಬಂದದ್ದು 1997ರಲ್ಲಿ. ತಂಡದ ಪ್ರಮುಖರಲ್ಲೊಬ್ಬರಾದ ‘ದಿ ಅಂಬಾಸಿಡರ್’ ಡಲ್ಲಾಸ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಓದಿದವರು. ಅದೇ ನಗರದ ಶೈ ಲಿನ್ 2008ರಲ್ಲಿ ಒಂದು ಇಡೀ ಆಲ್ಬಮ್ಮನ್ನು ಕ್ರಿಸ್ತನ ಪ್ರಾಯಶ್ಚಿತ್ತದ ಸಿದ್ಧಾಂತಕ್ಕೆ ಮೀಸಲಿಟ್ಟರು. 2011ರ ಆಲ್ಬಮ್ಮಿನಲ್ಲಿ ದೇವರ ಗುಣಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡರು.

2. ಹದಿನಾರು ಬಾರ್‌ಗಳ ಲೆಕ್ಕ

ಸಿದ್ಧಾಂತ ಹೇಳಲು ರ‍್ಯಾಪ್ ಏಕೆ ಒದಗಿತು? ಉತ್ತರ ಛಂದಸ್ಸಿನಲ್ಲಿದೆ. ಇಂಗ್ಲಿಷ್ ಸ್ತೋತ್ರಗೀತೆಗಳಲ್ಲಿ ಬಹಳ ಬಳಕೆಯಾದ ‘ಕಾಮನ್ ಮೀಟರ್’ ಚರಣದ ನಾಲ್ಕು ಸಾಲುಗಳಲ್ಲಿ ಕ್ರಮವಾಗಿ 8, 6, 8, 6 ಅಕ್ಷರಗಳು, ಒಟ್ಟು 28. ರ‍್ಯಾಪ್‌ನ ಒಂದು ಖಂಡ ರೂಢಿಯಂತೆ 16 ಬಾರ್‌ಗಳದ್ದು, ಬಾರ್‌ಗೆ ನಾಲ್ಕು ಬೀಟ್. ಬಾರೊಂದಕ್ಕೆ 12 ಅಕ್ಷರ ಎಂದು ಹಿಡಿದರೂ ಒಂದು ಖಂಡಕ್ಕೆ 192 ಆಗುತ್ತದೆ. ಅದು ಸ್ತೋತ್ರಗೀತೆಯ ಆರೇಳು ಚರಣಗಳಿಗೆ ಸಮ. ನಿಮಿಷಕ್ಕೆ 90 ಬೀಟ್‌ಗಳ ವೇಗದಲ್ಲಿ ಈ ಖಂಡ ಮುಗಿಯಲು ಬೇಕಾದದ್ದು ಸುಮಾರು 43 ಸೆಕೆಂಡು ಮಾತ್ರ. ಇಂಥ ಮೂರು ಖಂಡಗಳಿದ್ದರೆ ವಾದ ಮಂಡಿಸಿ, ಆಕ್ಷೇಪ ಎತ್ತಿ, ಬೈಬಲಿನ ಆಧಾರ ಕೊಟ್ಟು ಉತ್ತರ ಹೇಳಲು ಜಾಗ ಸಿಗುತ್ತದೆ. ನಡುವೆ ಮರುಕಳಿಸುವ ಹುಕ್‌ನಲ್ಲಿ ಮಾತ್ರ ಕೇಳುಗರು ದನಿಗೂಡಿಸುತ್ತಾರೆ; ಉಳಿದಂತೆ ಒಬ್ಬ ನುಡಿಯುತ್ತಾನೆ, ಉಳಿದವರು ಕೇಳುತ್ತಾರೆ. ಹೀಗಾಗಿ ಈ ರ‍್ಯಾಪ್‌ಗೆ ಹತ್ತಿರದ ನೆಂಟಸ್ತಿಕೆ ಇರುವುದು ಸಭೆಯೆಲ್ಲ ಕೂಡಿ ಹಾಡುವ ಕೀರ್ತನೆಯೊಂದಿಗಲ್ಲ, ಪಾಸ್ಟರರ ಪ್ರಸಂಗದೊಂದಿಗೆ.

3. ಆಕ್ಷೇಪ

2013ರ ನವೆಂಬರಿನಲ್ಲಿ ಅಮೆರಿಕದ ಸಂಪ್ರದಾಯನಿಷ್ಠ ಸುವಾರ್ತಾ ವಲಯದ ಸಮ್ಮೇಳನವೊಂದರ ಚರ್ಚಾಗೋಷ್ಠಿ ಈ ಸಂಗೀತವನ್ನು ಕಟುವಾಗಿ ಟೀಕಿಸಿತು. ರೂಪವೆಂಬುದು ತಟಸ್ಥ ಪಾತ್ರೆಯಲ್ಲ, ಅದು ಹುಟ್ಟಿದ ಸಂಸ್ಕೃತಿಯ ಗುಣ ಅದರೊಂದಿಗೇ ಬರುತ್ತದೆ ಎಂಬುದು ಆಕ್ಷೇಪದ ತಿರುಳು. ತೀವ್ರ ಪ್ರತಿಕ್ರಿಯೆ ಬಂದ ಮೇಲೆ ಗೋಷ್ಠಿಯಲ್ಲಿದ್ದ ಕೆಲವರು ಕ್ಷಮೆ ಕೋರಿದರು. ಆದರೂ ಆಕ್ಷೇಪವನ್ನು ಹಾಗೇ ತಳ್ಳಿಹಾಕುವಂತಿಲ್ಲ. ರ‍್ಯಾಪ್‌ನಲ್ಲಿ ಆತ್ಮಪ್ರಶಂಸೆ ಬೇರೂರಿದ ಪ್ರಕಾರವೆಂಬುದು ನಿಜ. ಕ್ರೈಸ್ತ ರ‍್ಯಾಪರ್‌ಗಳು ಅದನ್ನು ಬಿಡಲಿಲ್ಲ, ಅದರ ದಿಕ್ಕು ತಿರುಗಿಸಿದರು: ಹೊಗಳಿಸಿಕೊಳ್ಳುವವನು ತಾನಲ್ಲ, ಕರ್ತನು. ಹೆಚ್ಚಳಪಡುವವನು ಕರ್ತನಲ್ಲೇ ಹೆಚ್ಚಳಪಡಲಿ ಎಂಬ ಪೌಲನ ಉಪದೇಶ (1 ಕೊರಿಂಥ 1:31) ಇಲ್ಲಿ ಛಂದೋನಿಯಮವಾಗಿ ಬದಲಾಗಿದೆ.

ಕನ್ನಡಕ್ಕೂ ರೂಪದ ಈ ಪ್ರಶ್ನೆಯ ಪರಿಚಯವಿದೆ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಇಲ್ಲಿನ ಪದ್ಯರೂಪಕ್ಕೆ ತಂದಿದ್ದರು. ಆದರೆ ಕಿಟ್ಟೆಲ್ ಹೊರಗಿನಿಂದ ಬಂದು ಒಂದು ರೂಪವನ್ನು ಕಲಿತವರು. ಫಿಲಡೆಲ್ಫಿಯಾದ, ಹ್ಯೂಸ್ಟನ್ನಿನ ಕಪ್ಪು ಯುವಕರು ಹಿಪ್‌ಹಾಪ್ ಕೇಳುತ್ತಲೇ ಬೆಳೆದವರು. ಅವರ ವಿಷಯದಲ್ಲಿ ರೂಪವನ್ನು ‘ಬಳಸಿಕೊಂಡರು’ ಎನ್ನುವುದೇ ಸರಿಹೊಂದದು. ಅವರು ಆಡುತ್ತಿದ್ದ ಮಾತಿಗೇ ವಿಶ್ವಾಸ ಬಂದು ಸೇರಿತು.

4. ಸಾಕ್ಷಿಯ ಧಾರೆ

ಹ್ಯೂಸ್ಟನ್ ಮೂಲದ ರ‍್ಯಾಪರ್ ಲೆಕ್ರೆ, ಬೆನ್ ವಾಷರ್ ಜೊತೆ 2004ರಲ್ಲಿ ‘ರೀಚ್ ರೆಕಾರ್ಡ್ಸ್’ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿದರು. ಅವರ ಬಳಗದ ಗುರುತು 116 ಎಂಬ ಅಂಕೆ. ಸುವಾರ್ತೆಯ ವಿಷಯದಲ್ಲಿ ನಾಚಿಕೊಳ್ಳೆನೆಂಬ ರೋಮಾಪುರ 1:16ರ ಸೂಚನೆ ಅದು. ಅವರ ‘ಗ್ರ್ಯಾವಿಟಿ’ (2012) ಮರುವರ್ಷ ಅತ್ಯುತ್ತಮ ಗಾಸ್ಪೆಲ್ ಆಲ್ಬಂ ವಿಭಾಗದ ಗ್ರ್ಯಾಮಿ ಗೆದ್ದಿತು. ‘ಅನಾಮಲಿ’ (2014) ಬಿಲ್‌ಬೋರ್ಡ್ 200 ಮತ್ತು ಗಾಸ್ಪೆಲ್ ಪಟ್ಟಿಗಳೆರಡರಲ್ಲೂ ಏಕಕಾಲಕ್ಕೆ ಮೊದಲ ಸ್ಥಾನಕ್ಕೇರಿತು. ಇಳಿಮುಖದ ಕಥೆ ಹೇಳುವವರು ಬೆರಳು ತೋರಿಸುವುದು ಈ ಘಟ್ಟಕ್ಕೇ.

ಆ ಆಲ್ಬಮ್ಮಿನ ‘ಗುಡ್, ಬ್ಯಾಡ್, ಅಗ್ಲಿ’ ಹಾಡನ್ನೇ ನೋಡಬಹುದು. ಗೆಳತಿಯ ಗರ್ಭಪಾತದಲ್ಲಿ ತನ್ನ ಪಾಲು, ಬಾಲ್ಯದಲ್ಲಿ ತಾನು ಅನುಭವಿಸಿದ ಲೈಂಗಿಕ ದೌರ್ಜನ್ಯ, ಇವೆರಡನ್ನೂ ಲೆಕ್ರೆ ಅಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಶೈ ಲಿನ್ ಹಾಡಿನ ವಾಕ್ಯಗಳು ಹೆಚ್ಚಾಗಿ ಪ್ರಥಮ ಪುರುಷದಲ್ಲಿವೆ: ದೇವರು ಇಂಥವನು. ಲೆಕ್ರೆ ಹಾಡಿನವು ಉತ್ತಮ ಪುರುಷದಲ್ಲಿ: ನಾನು ಇಂಥವನಾಗಿದ್ದೆ. ಆಫ್ರಿಕನ್ ಅಮೆರಿಕನ್ ಸಭೆಗಳಲ್ಲಿ ವಿಶ್ವಾಸಿಗಳು ಎದ್ದು ನಿಂತು ಹೇಳುವ ಸಾಕ್ಷಿಯ ವ್ಯಾಕರಣ ಇದೇ. ಹಿಪ್‌ಹಾಪ್‌ನ ‘ನಾನು’ ಇಲ್ಲೂ ಇದ್ದಾನೆ, ಆದರೆ ಗೆದ್ದವನಾಗಿ ಅಲ್ಲ, ಬಿದ್ದು ಕ್ಷಮೆ ಪಡೆದವನಾಗಿ. ಸಿದ್ಧಾಂತದ ಪದಗಳು ಕಡಿಮೆಯಾದ ಮಾತ್ರಕ್ಕೆ ವಿಶ್ವಾಸ ತೆಳುವಾಯಿತೆನ್ನಲು ಬರುವುದಿಲ್ಲ.

5. ಎರಡೂ ಸೇರುವ ಕಡೆ

ಪ್ರೊಪಗಾಂಡಾ ಎಂಬ ಹೆಸರಿನ ಕಲಾವಿದರ ‘ಪ್ರೆಷಸ್ ಪ್ಯೂರಿಟನ್ಸ್’ (2012) ಈ ವರ್ಗೀಕರಣಕ್ಕೆ ಒಳ್ಳೆಯ ಪರೀಕ್ಷೆ. ಪ್ರಸಂಗಗಳಲ್ಲಿ ಪ್ಯೂರಿಟನ್ ದೈವಶಾಸ್ತ್ರಜ್ಞರನ್ನು ಭಕ್ತಿಯಿಂದ ಉಲ್ಲೇಖಿಸುವ ಪಾಸ್ಟರರನ್ನು ಉದ್ದೇಶಿಸಿ, ಅದೇ ಪ್ಯೂರಿಟನ್ನರು ಗುಲಾಮಗಿರಿಯಲ್ಲಿ ಭಾಗಿಯಾಗಿದ್ದುದನ್ನು ಈ ರಚನೆ ನೆನಪಿಸುತ್ತದೆ. ಇಲ್ಲಿ ಕಪ್ಪು ವಿಶ್ವಾಸಿಯೊಬ್ಬನ ಸಾಕ್ಷಿ ಉಪದೇಶದ ಪರಂಪರೆಯನ್ನೇ ಪ್ರಶ್ನಿಸುತ್ತಿದೆ. ಕೊನೆಗೆ ಆ ಪ್ರಶ್ನೆ ಹಾಡುಗಾರನತ್ತಲೂ ತಿರುಗುತ್ತದೆ: ಡೊಂಕು ಕೋಲುಗಳನ್ನೂ ದೇವರು ಬಳಸುತ್ತಾನೆಂಬ ಸಿದ್ಧಾಂತ ತನಗೂ ಅನ್ವಯವೆಂದು ಅವನು ಒಪ್ಪುತ್ತಾನೆ. ಉಪದೇಶವಿಲ್ಲದೆ ಈ ಸಾಕ್ಷಿಗೆ ನೆಲೆಯಿಲ್ಲ. ಸಾಕ್ಷಿಯಿಲ್ಲದೆ ಆ ಉಪದೇಶಕ್ಕೆ ಲೆಕ್ಕ ಕೊಡುವವರಿಲ್ಲ.

ಹಾಗಾಗಿ ಒಂದು ಹಾಡು ಎಷ್ಟು ‘ಕ್ರೈಸ್ತ’ ಎಂದು ಅಳೆಯಲು ಯೇಸುವಿನ ಹೆಸರು ಎಷ್ಟು ಸಲ ಬಂತೆಂದು ಎಣಿಸುವುದು ಉಪದೇಶದ ಹಾಡಿಗೆ ತಕ್ಕಮಟ್ಟಿಗೆ ಹೊಂದಬಹುದು. ಸಾಕ್ಷಿಯ ಹಾಡಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಮಾತಾಡುತ್ತಿರುವ ‘ನಾನು’ ಯಾರ ಮುಂದೆ ನಿಂತು ಮಾತಾಡುತ್ತಿದ್ದಾನೆ?