ಲಾರಿ ಇಸಿಎಂ ಮ್ಯಾಪಿಂಗ್: ಲೈಸೆನ್ಸ್ ಯಾವುದಕ್ಕೆ, ದಂಡ ಯಾರಿಗೆ?

ಹಾರೂಗೇರಿ: ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಲಾರಿ ಮಾಲೀಕರು ಟೈರು, ಬ್ರೇಕ್, ಕ್ಲಚ್ ಪ್ಲೇಟ್ ಕೆಲಸಕ್ಕೆ ಗ್ಯಾರೇಜಿಗೆ ಬರುತ್ತಾರೆ. ಇದರ ಜೊತೆಗೆ ಇತ್ತೀಚೆಗೆ ಮ್ಯಾಪಿಂಗ್ ಮಾತೂ ಬರುತ್ತದೆ. ಪವರ್ ಹೆಚ್ಚಾಗ್ತದೆ, ಡೀಸೆಲ್ ಉಳಿತದೆ, ಯೂರಿಯಾ ಹಾಕೋದೇ ಬೇಡ ಅನ್ನೋದು ಅದರ ಆಕರ್ಷಣೆ. ಜೊತೆಗೆ ‘ನಮ್ಮದು ಲೈಸೆನ್ಸ್ ಇರೋ ಸಾಫ್ಟ್‌ವೇರ್’ ಅಂದುಬಿಟ್ಟರೆ ಮಾಲೀಕರಿಗೆ ಧೈರ್ಯ ಬಂದೇಬಿಡುತ್ತದೆ.

ಆದರೆ ಆ ಲೈಸೆನ್ಸ್ ಸಾಫ್ಟ್‌ವೇರ್ ಬಳಸೋಕೆ ಮಾತ್ರ. ಗಾಡಿ ಬದಲಾಯಿಸೋಕೆ ಅದು ಪರವಾನಗಿ ಅಲ್ಲ. ಎರಡೂ ಬೇರೆ ಬೇರೆ.

ಹಳೇ ಲಾರಿಗಳಲ್ಲಿ ಡೀಸೆಲ್ ಎಷ್ಟು ಹೋಗಬೇಕು ಅನ್ನೋದನ್ನ ಪಂಪ್ ನಿರ್ಧರಿಸುತ್ತಿತ್ತು. ಪಂಪ್ ಮಿಸ್ತ್ರಿ ಸ್ಕ್ರೂ ತಿರುವಿದರೆ ಜಗ್ಗುವ ಶಕ್ತಿ ಹೆಚ್ಚುತ್ತಿತ್ತು, ಹೊಗೆಯೂ ಹೆಚ್ಚುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಆ ಕೆಲಸ ಇಸಿಎಂ ಎಂಬ ಪುಟ್ಟ ಕಂಪ್ಯೂಟರ್‌ನದು. ಯಾವ ಆರ್‌ಪಿಎಂಗೆ ಎಷ್ಟು ಡೀಸೆಲ್, ಎಷ್ಟು ಪ್ರೆಶರ್, ಟರ್ಬೊ ಎಷ್ಟು ಗಾಳಿ ಕೊಡಬೇಕು, ಎಲ್ಲಿಗೆ ಟಾರ್ಕ್ ನಿಲ್ಲಿಸಬೇಕು ಅನ್ನೋ ಲೆಕ್ಕದ ಕೋಷ್ಟಕಗಳು ಅದರೊಳಗಿವೆ. ಇವಕ್ಕೇ ಮ್ಯಾಪ್ ಅನ್ನೋದು. ಲ್ಯಾಪ್‌ಟಾಪ್ ಜೋಡಿಸಿ ಆ ಫೈಲ್ ಹೊರಗೆ ತೆಗೆದು, ಅಂಕಿ ಬದಲಿಸಿ, ತಿರುಗಿ ಒಳಗೆ ಹಾಕೋದೇ ಮ್ಯಾಪಿಂಗ್.

ಪವರ್ ಪುಕ್ಕಟೆ ಬರಲ್ಲ. ಕಂಪನಿ ಇಟ್ಟ ಮಿತಿ ತೆಗೆದು ಡೀಸೆಲ್ ಹೆಚ್ಚು ಬಿಟ್ಟರೆ ಎಂಜಿನ್‌ನಿಂದ ಹೊರಬರುವ ಗ್ಯಾಸಿನ ಶಾಖ ಏರುತ್ತದೆ. ಟರ್ಬೊ, ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್ ಮೇಲೆ ಭಾರ ಬೀಳುತ್ತದೆ. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಲೋಡ್ ಸಮೇತ ಸಲೀಸಾಗಿ ಹತ್ತಿತು ಅಂತ ಖುಷಿಪಟ್ಟವರು ಇಳಿಯುವಾಗಿನ ಬ್ರೇಕ್ ಅದೇ ಹಳೇದು ಅನ್ನೋದನ್ನೂ ನೆನಪಿಡಬೇಕು. ಸಾಫ್ಟ್‌ವೇರ್ ಎಂಜಿನ್ನಿಗೆ ಬಲ ಕೊಡಬಹುದು, ಬ್ರೇಕಿಗೆ ಕೊಡಲ್ಲ.

ಲೈಸೆನ್ಸ್ ಅಂದರೆ ಏನು?

ಮೊದಲನೆಯದು ಕಂಪನಿ ಸಾಫ್ಟ್‌ವೇರ್. ಟಾಟಾದ ಹಲವು ದೊಡ್ಡ ಲಾರಿಗಳಲ್ಲಿ ಇರೋದು ಕಮಿನ್ಸ್ ಎಂಜಿನ್. ಕಮಿನ್ಸ್‌ನ ‘ಇನ್‌ಸೈಟ್’ ಸಾಫ್ಟ್‌ವೇರ್ ವರ್ಷದ ಚಂದಾ ಮೇಲೆ ಸಿಗುತ್ತದೆ. ಫಾಲ್ಟ್ ಕೋಡ್ ಓದೋದು, ಸೆನ್ಸರ್ ಪರೀಕ್ಷೆ, ಕಂಪನಿಯೇ ಕೊಟ್ಟ ಹೊಸ ಕ್ಯಾಲಿಬ್ರೇಷನ್ ಹಾಕೋದು ಇದರ ಕೆಲಸ. ಇದು ಮ್ಯಾಪ್ ತಿದ್ದುವ ಸಾಧನ ಅಲ್ಲ.

ಎರಡನೆಯದು ಟ್ಯೂನಿಂಗ್ ಸಾಧನ. ಇಟಲಿಯ ಏಲಿಯನ್‌ಟೆಕ್ ಮಾಡುವ ಕೆಸ್ ಇಂಥದ್ದು. ಫೈಲ್ ತಿದ್ದಲು ಜರ್ಮನಿಯ ಇವಿಸಿ ಕಂಪನಿಯ ವಿನ್‌ಓಎಲ್‌ಎಸ್ ಹೆಸರಾದದ್ದು. ಇಂಥ ಸಾಧನಗಳಲ್ಲಿ ‘ಮಾಸ್ಟರ್’, ‘ಸ್ಲೇವ್’ ಅಂತ ಎರಡು ಬಗೆ. ಮಾಸ್ಟರ್ ಇದ್ದವರು ಫೈಲ್ ತೆಗೆದು ತಾವೇ ತಿದ್ದಬಹುದು. ಸ್ಲೇವ್ ಇದ್ದವರಿಗೆ ಫೈಲ್ ತೆಗೆಯಲು, ಹಾಕಲು ಮಾತ್ರ ಬರುತ್ತದೆ. ಅದು ಬೀಗ ಹಾಕಿದ ಫೈಲ್ ಆಗಿರುತ್ತದೆ, ತೆರೆಯುವ ಕೀಲಿ ಮಾಸ್ಟರ್ ಹತ್ತಿರ. ಅಂದರೆ ಗಾಡಿ ಇಲ್ಲಿ ನಿಂತಿರುತ್ತದೆ, ಅದರ ಹಣೆಬರಹ ಬರೆಯುವವರು ಬೇರೆ ಊರಲ್ಲಿ ಕೂತಿರುತ್ತಾರೆ. ಅವರು ಗಾಡಿಯನ್ನ ಕಣ್ಣಿಂದಲೂ ನೋಡಿರಲ್ಲ. ಮಾಲೀಕರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಫೈಲ್ ಯಾರು ಮಾಡ್ತಾರೆ?

ಇನ್ನು ನಕಲಿ ಸಾಧನಗಳು. ಅಸಲಿಯ ಬೆಲೆಯಲ್ಲಿ ಸಣ್ಣ ಪಾಲಿಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಂಟರ್‌ನೆಟ್ ಬಂದ್ ಮಾಡಿಯೇ ಕೆಲಸ ಮಾಡ್ತಾರೆ ಅಂದರೆ ಅನುಮಾನ ಪಡಬೇಕು, ಯಾಕಂದ್ರೆ ನಕಲಿ ಸಾಧನ ಆನ್‌ಲೈನ್ ಹೋದರೆ ಬ್ಲಾಕ್ ಆಗುತ್ತದೆ. ಫೈಲ್ ಹಾಕುವಾಗ ಅರ್ಧಕ್ಕೆ ನಿಂತರೆ ಅಥವಾ ಬ್ಯಾಟರಿ ವೋಲ್ಟೇಜ್ ಇಳಿದರೆ ಇಸಿಎಂ ಸತ್ತೇ ಹೋಗಬಹುದು. ಇಡೀ ಗಾಡಿ ಟೋ ಮಾಡಿಸಬೇಕು. ನಕಲಿ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಬಳಸಿದವರಿಗೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಗ್ಯಾರೇಜಿನವರ ಮೇಲೆ ಬರುವ ಕೇಸು.

ಯೂರಿಯಾ ಬಂದ್ ಮಾಡಿಸೋದು

ನಿಜವಾದ ತೊಡಕು ಇರೋದು ಇಲ್ಲೇ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಬಿಎಸ್-6 ಭಾರಿ ಲಾರಿಗಳಲ್ಲಿ ಡಿಇಎಫ್, ಅಂದರೆ ಜನ ‘ಯೂರಿಯಾ’ ಅನ್ನುವ ದ್ರವ ಬೇಕು. ಅದರಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ಡಿಇಎಫ್ ಖಾಲಿಯಾದರೆ ಇಲ್ಲವೇ ನಾಕ್ಸ್ ಸೆನ್ಸರ್ ಕೆಟ್ಟರೆ ಮೊದಲು ಚೆಕ್ ಲೈಟ್, ಆಮೇಲೆ ಪವರ್ ಕಡಿತ, ಕೊನೆಗೆ ಗಂಟೆಗೆ 20 ಕಿ.ಮೀ. ಮೇಲೆ ಗಾಡಿ ಓಡದ ಸ್ಥಿತಿ ಬರುತ್ತದೆ. ಉಗಾರದ ಕಡೆಗೋ ಕೆಂಪವಾಡದ ಕಡೆಗೋ ಹೊರಟ ಕಬ್ಬಿನ ಗಾಡಿ ಹೀಗೆ ನಿಂತರೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ಪಾಳಿ ತಪ್ಪುತ್ತದೆ, ಬಾಡಿಗೆ ಹೋಗುತ್ತದೆ. ಸೆನ್ಸರ್ ದುಬಾರಿ, ಫೈನಾನ್ಸ್ ಕಂತು ಕಾಯಲ್ಲ. ಮಾಲೀಕ ‘ಇದನ್ನ ತೆಗೆದೇ ಹಾಕಿ’ ಅನ್ನೋದು ಈ ಸಂಕಟಕ್ಕೇ.

ಆದರೆ ಆ ಕೆಲಸ ಕಾನೂನಿನ ಒಳಗೆ ಬರಲ್ಲ. ಕಂಪನಿಯ ಮೂಲ ವಿವರಕ್ಕಿಂತ ಭಿನ್ನವಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದೆ ಬದಲಾವಣೆ ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5 ಸಾವಿರ ರೂ. ದಂಡ, ಇಲ್ಲವೇ ಎರಡೂ. ವಾಯುಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ 190(2) ಕಲಂ ಬೇರೆ ಇದೆ. ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂ.ವರೆಗೆ ದಂಡ ಅಥವಾ ಎರಡೂ, ಮೇಲೆ 3 ತಿಂಗಳು ಡಿಎಲ್ ಅಮಾನತು. 182ಎ(4)ರಲ್ಲಿ ಇರುವುದು ‘ಮಾಲೀಕ’ ಎಂಬ ಪದ. ಲ್ಯಾಪ್‌ಟಾಪ್ ಹಿಡಿದು ಬಂದವನು ಹೋಗಿರುತ್ತಾನೆ, ಆರ್‌ಸಿಯಲ್ಲಿ ಹೆಸರಿದ್ದವರು ಉತ್ತರ ಕೊಡಬೇಕು. ವಾರಂಟಿ ಅಂತೂ ಹೋಯಿತು. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲು ಒಂದು ನೆಪ ಸಿಕ್ಕಂತೆ.

ಪಿಯುಸಿ ಪಾಸಾಯ್ತಲ್ಲ ಅಂತ ಕೆಲವರು ವಾದಿಸ್ತಾರೆ. ಡೀಸೆಲ್ ಗಾಡಿಯ ಪಿಯುಸಿಯಲ್ಲಿ ನೋಡೋದು ಹೊಗೆಯ ದಟ್ಟಣೆ. ಯೂರಿಯಾ ತಡೆಯೋದು ಕಣ್ಣಿಗೆ ಕಾಣದ ನಾಕ್ಸ್ ಅನಿಲವನ್ನ. ಹಾಗಾಗಿ ಯೂರಿಯಾ ಬಂದ್ ಮಾಡಿದ ಗಾಡಿಯೂ ಪಿಯುಸಿಯಲ್ಲಿ ಪಾಸಾಗಬಹುದು. ಅಷ್ಟಕ್ಕೆ ಗಾಡಿ ಸರಿಯಿದೆ ಅಂತ ಅರ್ಥ ಅಲ್ಲ.

ಇನ್ನೊಂದು ಅಡ್ಡದಾರಿ ಹೊಲಕ್ಕೆ ಹಾಕುವ ಯೂರಿಯಾವನ್ನ ನೀರಲ್ಲಿ ಕದಡಿ ಟ್ಯಾಂಕಿಗೆ ಸುರಿಯೋದು. ಅದಕ್ಕೆ ಬೇವಿನ ಲೇಪ ಇರುತ್ತದೆ. ನಾಜಲ್ ಕಟ್ಟಿ, ಕ್ಯಾಟಲಿಸ್ಟ್ ಹಾಳಾಗಿ ಸೆನ್ಸರಿಗಿಂತ ದೊಡ್ಡ ಖರ್ಚು ಬರುತ್ತದೆ. ಸಬ್ಸಿಡಿ ಗೊಬ್ಬರವನ್ನ ಬೇರೆ ಬಳಕೆಗೆ ಕೊಡೋದು ಅಪರಾಧ, ಗೊಬ್ಬರದ ಅಂಗಡಿಯವರಿಗೂ ಇದು ಗೊತ್ತಿರಲಿ.

ಹಾಗಾದ್ರೆ ಗ್ಯಾರೇಜಿನಲ್ಲಿ ಏನು ಮಾಡಿಸಬಹುದು? ಫಾಲ್ಟ್ ಕೋಡ್ ಓದಿಸೋದು, ಹೊಸ ಇಂಜೆಕ್ಟರ್ ಹಾಕಿದಾಗ ಅದರ ಕೋಡ್ ಇಸಿಎಂಗೆ ಸೇರಿಸೋದು, ಕಂಪನಿ ಅಪ್‌ಡೇಟ್ ಹಾಕಿಸೋದು, ಇವಕ್ಕೆ ಅಡ್ಡಿಯಿಲ್ಲ. ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಬೇಡಿ. ಬಹಳ ಸಲ ವೈರಿಂಗ್, ಕನೆಕ್ಟರ್ ಅಥವಾ ಕಳಪೆ ಡಿಇಎಫ್ ಕಾರಣ ಇರುತ್ತದೆ. ಯಾವ ಕೆಲಸಕ್ಕೂ ಬಿಲ್ ತಗೊಳ್ಳಿ, ಮೂಲ ಫೈಲ್‌ನ ಪ್ರತಿ ಪೆನ್‌ಡ್ರೈವ್‌ನಲ್ಲಿ ಇಸ್ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಿಎಸ್-6 ಲಾರಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಕೀ ಆನ್ ಮಾಡಿದಾಗ ಚೆಕ್ ಲೈಟ್ ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾಕೆ ಅಂತ ಕೇಳಿ. 100 ಲೀಟರ್ ಡೀಸೆಲ್‌ಗೆ ಸುಮಾರು 4ರಿಂದ 6 ಲೀಟರ್ ಡಿಇಎಫ್ ಹೋಗಬೇಕು. ಎಷ್ಟು ಓಡಿಸಿದರೂ ಡಿಇಎಫ್ ಮುಳ್ಳು ಕದಲದಿದ್ದರೆ, ಸೈಲೆನ್ಸರ್ ಹತ್ತಿರದ ಸೆನ್ಸರ್ ವೈರ್ ಕಳಚಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಇಸಿಎಂನ ಕ್ಯಾಲಿಬ್ರೇಷನ್ ನಂಬರ್ ತಪಾಸಣೆ ಮಾಡಿಸಬೇಕು. ಆರ್‌ಸಿ ಹೆಸರು ಬದಲಾದ ಮೇಲೆ ಆ ಫೈಲ್‌ಗೂ ಹೊಸ ಮಾಲೀಕರೇ ಜವಾಬು ಕೊಡಬೇಕಾಗುತ್ತದೆ.