ಗುಜರಿಗೆ ಹೋಗಬೇಕಿದ್ದ ಕಂಬಗಳು

ಬೀದಿದೀಪದ ಕಂಬದ ಆಯಸ್ಸು ಮುಗಿದರೆ ಅದು ಸೇರುವುದು ಪಾಲಿಕೆಯ ಉಗ್ರಾಣದ ಹಿತ್ತಿಲನ್ನು. ತುಕ್ಕು ಹಿಡಿಯುತ್ತ ಹರಾಜಿಗೆ ಕಾಯುತ್ತದೆ. ಟೆಲಿಫೋನ್ ಬೂತು, ರಸ್ತೆ ಫಲಕಗಳ ಪಾಡೂ ಅದೇ. ಈ ಸಾಮಾನಿನ ಮೇಲೆ ಗುಜರಿಯವರಿಗಿಂತ ಮೊದಲು ಕಲಾವಿದರು ಕಣ್ಣು ಹಾಕಿದ ಕಥೆಗೆ ನೂರು ವರ್ಷ ಮೀರಿದೆ. ಅದರಲ್ಲಿ ಕಲೆಯಷ್ಟೇ ಸ್ವಾರಸ್ಯವಾದದ್ದು ಸರ್ಕಾರಿ ಕಚೇರಿಗಳ ವರಸೆ. ಕೆಡವಲು ಬಂದವರೇ ಕಾವಲಿಗೆ ನಿಂತರು. ಈಗಂತೂ ತಾವೇ ಮುಂದೆ ನಿಂತು ಮಾಡಿಸುತ್ತಿದ್ದಾರೆ.

ಶುರುವಾದದ್ದು ಮನೆಯ ಅಂಗಳದಲ್ಲಿ. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಇಟಲಿ ಮೂಲದ ಕೂಲಿಕಾರ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬರೇ ದುಡಿದು ಗೋಪುರಗಳನ್ನು ಎಬ್ಬಿಸಿದರು. ಉಕ್ಕಿನ ಸರಳಿಗೆ ಗಾರೆ ಮೆತ್ತುವುದು, ಹಸಿ ಗಾರೆಯೊಳಗೆ ಬಾಟಲಿ ಚೂರು, ಬೋಕಿ, ಚಿಪ್ಪು ಒತ್ತುವುದು, ಇಷ್ಟೇ ಅವರ ವಿದ್ಯೆ. ಅತಿ ಎತ್ತರದ ಗೋಪುರ 99 ಅಡಿ ಮೀರಿದೆ. ಅವರು ಊರು ಬಿಟ್ಟ ಮೇಲೆ ನಗರಾಡಳಿತ ಅಪಾಯದ ನೆಪ ಹೇಳಿ ಕೆಡವಲು ಹೊರಟಿತು. 1959ರಲ್ಲಿ ಎಂಜಿನಿಯರ್ ಬಡ್ ಗೋಲ್ಡ್‌ಸ್ಟೋನ್ 10,000 ಪೌಂಡ್ ಭಾರದ ಜಗ್ಗು ಹಾಕಿಸಿ ಪರೀಕ್ಷೆಗೆ ಒಡ್ಡಿದರು. ಗೋಪುರ ಜಪ್ಪಯ್ಯ ಅನ್ನಲಿಲ್ಲ, ಎಳೆಯುವ ಸಲಕರಣೆಯೇ ಬಾಗಿತು. ಕೆಡವುವ ಮಾತು ಅಲ್ಲಿಗೆ ನಿಂತಿತು.

ನಮ್ಮ ಚಂಡೀಗಢದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್ಸ್‌ಪೆಕ್ಟರ್. ಹೊಸ ನಗರಕ್ಕಾಗಿ ಎಬ್ಬಿಸಿದ ಹಳ್ಳಿಗಳ ಅವಶೇಷವನ್ನೂ ನಗರ ಕಟ್ಟುವಾಗ ಉಳಿದ ಕಸವನ್ನೂ ಅವರು 1957ರ ಸುಮಾರಿನಿಂದ ಸೈಕಲ್ ಮೇಲೆ ಹೇರಿಕೊಂಡು ಕಾಡಿನೊಳಗೆ ಸಾಗಿಸತೊಡಗಿದರು: ಡಾಂಬರಿನ ಖಾಲಿ ಡ್ರಮ್ಮು, ಸುಟ್ಟ ಟ್ಯೂಬ್‌ಲೈಟು, ಪಿಂಗಾಣಿಯ ವಿದ್ಯುತ್ ಬಿಡಿಭಾಗ, ಒಡೆದ ಬಳೆ. ಜಾಗ ಸರ್ಕಾರದ್ದು, ಕೆಲಸ ಕದ್ದುಮುಚ್ಚಿ. ಗುಟ್ಟು ರಟ್ಟಾದಾಗ ಕಾನೂನಿನ ಪ್ರಕಾರ ಎಲ್ಲವೂ ನೆಲಸಮವಾಗಬೇಕಿತ್ತು. ಬದಲಿಗೆ 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ತೆರೆಯಿತು, ನೇಕ್ ಚಂದ್‌ಗೆ ಅದಕ್ಕೇ ಸಂಬಳ, ಕೈಕೆಳಗೆ 50 ಕೆಲಸಗಾರರು ಸಿಕ್ಕಿದರು. ಆದರೂ 1990ರಲ್ಲಿ ರಸ್ತೆ ಮಾಡಲೆಂದು ಬುಲ್ಡೋಜರ್ ಬಂತು. ಊರ ಜನ ಅಡ್ಡ ನಿಂತು ವಾಪಸು ಕಳಿಸಿದರು.

ಇವೆರಡೂ ಒಂದೆಡೆ ಕೂಡಿಸಿ ಕಟ್ಟಿದವು. ಕಂಬವನ್ನು ನಿಂತ ಜಾಗದಲ್ಲೇ ಕಲೆಯಾಗಿಸಿದ್ದು ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ, 1980ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಜಿಮ್ ಪವರ್. ಬೀದಿದೀಪದ ಕಂಬಗಳ ಬುಡಕ್ಕೆ ಒಡೆದ ತಟ್ಟೆ, ಟೈಲ್ಸು, ಕನ್ನಡಿ ಚೂರು ಅಂಟಿಸಿ ಆ ಬಡಾವಣೆಯ ಚರಿತ್ರೆಯನ್ನೇ ಬರೆದರು. ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಉರುಟು ಕಂಬದ ಮೇಲೆ ದೊಡ್ಡ ಚೂರು ಕೂರುವುದಿಲ್ಲ, ಅಂಚು ಎದ್ದು ನಿಲ್ಲುತ್ತದೆ. ಇಕ್ಕಳದಲ್ಲಿ ಉಗುರಿನಗಲಕ್ಕೆ ಕತ್ತರಿಸಿ, ಅಂಟುಗಾರೆಯ ಮೇಲೆ ಒಂದೊಂದಾಗಿ ಒತ್ತಿ, ಸಂದಿಗೆ ಸಿಮೆಂಟು ತುಂಬಿ ಒರೆಸಬೇಕು. ಸಂದಿ ಬಾಯಿ ಬಿಟ್ಟರೆ ನೀರು ಇಳಿಯುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಉಬ್ಬಿ ಚೂರುಗಳನ್ನೆಲ್ಲ ಉದುರಿಸುತ್ತದೆ. ಅನುಮತಿಯಿಲ್ಲದ ಕೆಲಸವೆಂದು ಆಡಳಿತ ಹತ್ತಾರು ಕಂಬಗಳ ಮೊಸಾಯಿಕ್ಕನ್ನು ಕಿತ್ತುಹಾಕಿತು. 2014ರಲ್ಲಿ ಆಸ್ಟರ್ ಪ್ಲೇಸ್ ಚೌಕದ ನವೀಕರಣ ಶುರುವಾದಾಗ ಬೇಸತ್ತ ಪವರ್ ತಮ್ಮದೇ ಕೆಲಸವನ್ನು ಕೆತ್ತಿ ತೆಗೆಯತೊಡಗಿದ್ದರು; ಕಡೆಗೆ ಮೊಸಾಯಿಕ್ ಕಂಬಗಳಿಗೆ ಹೊಸ ಚೌಕದಲ್ಲೂ ಜಾಗ ದೊರೆಯಿತು.

ಬ್ರಿಟನ್ನಿನಲ್ಲಿ ಇಷ್ಟು ಜಟಾಪಟಿ ನಡೆಯಲಿಲ್ಲ. ಕೆಂಪು ಟೆಲಿಫೋನ್ ಬೂತುಗಳು ಮೂಲೆಗುಂಪಾಗುತ್ತಿದ್ದ ಹೊತ್ತಿಗೆ, 1989ರಲ್ಲಿ, ಡೇವಿಡ್ ಮಾಕ್ 12 ಬೂತುಗಳನ್ನು ಒಂದರ ಮೇಲೊಂದು ವಾಲಿಸಿ ಕಿಂಗ್‌ಸ್ಟನ್ ಪಟ್ಟಣದಲ್ಲಿ ನಿಲ್ಲಿಸಿದರು. ಮುಂದೆ 2008ರಲ್ಲಿ ಟೆಲಿಫೋನ್ ಕಂಪನಿ ಬಿಟಿ ಒಂದು ಪೌಂಡಿಗೆ ಒಂದು ಬೂತಿನಂತೆ ಊರಿನವರಿಗೇ ದತ್ತು ಕೊಡತೊಡಗಿತು.

ಲಾಸ್ ಏಂಜಲೀಸಿನ ಹಳೆಯ ದೀಪದ ಕಂಬಗಳಿಗೆ ಎರಡು ಬಗೆಯ ಭಾಗ್ಯ. 1992ರ ದಂಗೆಯಲ್ಲಿ ಸುಟ್ಟ ಅಂಗಡಿ ಸಾಲಿನ ಪಾರ್ಕಿಂಗ್ ಜಾಗದಲ್ಲಿ ಶೀಲಾ ಕ್ಲೈನ್ ಮರುವರ್ಷ ಬಗೆಬಗೆಯ 25 ಕಂಬಗಳನ್ನು ನೆಟ್ಟರು, ಹೆಸರು 'ವರ್ಮೋನಿಕಾ'. ಕ್ರಿಸ್ ಬರ್ಡನ್ 1920–30ರ ದಶಕಗಳ 202 ಕಂಬಗಳನ್ನು ಕೂಡಿಸಿ, ಮರಳು ಚಿಮ್ಮಿಸಿ ತುಕ್ಕು ಕಳೆದು, ಎಲ್ಲಕ್ಕೂ ಒಂದೇ ಬೂದು ಬಣ್ಣ ಬಳಿದು 2008ರಲ್ಲಿ ಕಲಾ ಸಂಗ್ರಹಾಲಯದ ಮುಂದೆ ನಿಲ್ಲಿಸಿದ್ದು 'ಅರ್ಬನ್ ಲೈಟ್'. ಅದರ ಮುಂದೆ ಫೋಟೋ ತೆಗೆಸಿಕೊಳ್ಳದ ಪ್ರವಾಸಿ ಅಪರೂಪ. ವರ್ಮೋನಿಕಾವನ್ನಾದರೆ 2017ರಲ್ಲಿ ಕಲಾವಿದೆಗೆ ಒಂದು ಮಾತೂ ಹೇಳದೆ ಕಿತ್ತು ಬೇರೆಡೆ ಒಯ್ದರು. 2020ರಲ್ಲಿ ಹೊಸ ಜಾಗದಲ್ಲಿ ಮತ್ತೆ ನೆಟ್ಟರು. ನನಗೆ ಇಷ್ಟವಾಗುವುದು ಈ ಬಡ ಸೋದರಿಯೇ. ಬರ್ಡನ್ನರ ಬೂದು ಬಣ್ಣ ಕಂಬಗಳ ಊರುಕೇರಿಯನ್ನು ಮರೆಸಿಬಿಡುತ್ತದೆ.

ಇಲಾಖೆಯೇ ಪಾಲುದಾರನಾದ ಒಳ್ಳೆಯ ಉದಾಹರಣೆ ಪೆನ್ಸಿಲ್ವೇನಿಯಾದ ಮೀಡ್‌ವಿಲ್ಲಿನಲ್ಲಿದೆ. ಅಲ್ಲೆಗೆನಿ ಕಾಲೇಜಿನ ಕಲಾ ಅಧ್ಯಾಪಕಿ ಅಮಾರಾ ಗೆಫನ್ ಮತ್ತು ವಿದ್ಯಾರ್ಥಿಗಳು 2000ದ ದಶಕದಲ್ಲಿ ಸಾರಿಗೆ ಇಲಾಖೆಯ ಸಿಬ್ಬಂದಿಯೊಂದಿಗೆ ಸೇರಿ, ಅದರ ಉಗ್ರಾಣದಂಗಳಕ್ಕೆ ಹಳೆಯ ರಸ್ತೆ ಫಲಕಗಳಿಂದಲೇ 1,200 ಅಡಿ ಉದ್ದದ ಬೇಲಿ ಕಟ್ಟಿದರು. ಫಲಕಗಳ ಬಾಣದ ಗುರುತು, ಅಕ್ಷರಗಳು ಕತ್ತರಿಸಿದ ಮೇಲೂ ಕಾಣುತ್ತವೆ.

ಬೆಂಗಳೂರಿನಲ್ಲಿ ಇದೇ ಕಸುಬು ತಿರುವುಮುರುವಾಗಿ ಬಂತು. ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಗೆ ಫೈಬರಿನ ಮೊಸಳೆ ಇಳಿಸಿದರು, 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲೇ ಗಗನಯಾತ್ರಿಯನ್ನು ನಡೆಸಿ ಚಂದ್ರನ ಮೇಲಿದ್ದಂತೆ ವಿಡಿಯೊ ಮಾಡಿದರು. ಇಲ್ಲಿ ಮರುಬಳಕೆಯಾದದ್ದು ಕೆಟ್ಟ ರಸ್ತೆಯೇ. ಪಾಲಿಕೆ ಎರಡು ಸಲವೂ ಗಡಿಬಿಡಿಯಿಂದ ಗುಂಡಿ ಮುಚ್ಚಿತು; ಕಲಾವಿದ ಕೇಳಿದ್ದೂ ಅಷ್ಟನ್ನೇ.

ಅದೇ 2019ರಲ್ಲಿ ದಿಲ್ಲಿಯ ಸರಾಯ್ ಕಾಲೇ ಖಾನ್ ಬಳಿ ಅಲ್ಲಿನ ಪಾಲಿಕೆ ಸುಮಾರು 150 ಟನ್ ಗುಜರಿಯಿಂದ ತಾಜ್ ಮಹಲ್, ಐಫೆಲ್ ಗೋಪುರ ಮೊದಲಾದ ಏಳು ಅದ್ಭುತಗಳ ಉದ್ಯಾನ ಮಾಡಿತು. ಬೆಸುಗೆಯವರ ಕೈಚಳಕ ದೊಡ್ಡದೇ, ಸಂಜೆ ಮಕ್ಕಳ ಸಂಭ್ರಮವೂ ದೊಡ್ಡದೇ. ಆದರೆ ದಿಲ್ಲಿಯ ಬೀದಿಯ ಕಬ್ಬಿಣ ಪ್ಯಾರಿಸ್ಸಿನ ನಕಲಾಗಿ ನಿಂತಾಗ ಅದು ಯಾವ ಕೇರಿಯಿಂದ ಬಂತು, ಅಲ್ಲಿ ಏನು ಮಾಡಿಕೊಂಡಿತ್ತು ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ. ಬೀದಿಯಲ್ಲಿದ್ದಾಗ ಯಾರೂ ಕಾಸು ಕೊಡದೆ ನೋಡುತ್ತಿದ್ದ ಸಾಮಾನಿಗೆ ಈಗ ಟಿಕೆಟ್ ಕೊಳ್ಳಬೇಕು.