‘ಸ್ಪ್ರೇ’ ನೌಕೆಯ ಚರಿತ್ರೆ

ಹೊಸ ವಸ್ತುವನ್ನು ಕೊಳ್ಳುವುದಕ್ಕೆ ಹಣವಿದ್ದರೆ ಸಾಕು. ಹಳೆಯದನ್ನು ಉಳಿಸಿಕೊಳ್ಳುವುದಕ್ಕೆ ಹಣದೊಡನೆ ವಿದ್ಯೆಯೂ ತಾಳ್ಮೆಯೂ ಬೇಕು. ನೆಲದ ಮೇಲಿನ ಮನೆಯು ಜೀರ್ಣವಾದರೆ ಸೋರುವುದು. ನೀರಿನ ಮೇಲಿನ ದೋಣಿಯು ಜೀರ್ಣವಾದರೆ ಯಜಮಾನನನ್ನೇ ನುಂಗುವುದು. ಆದುದರಿಂದ ಹಳೆಯ ಹಾಯಿದೋಣಿಯನ್ನು ಇಟ್ಟುಕೊಂಡವನಿಗೆ ಅದರ ಆರೈಕೆಯೂ ತನ್ನ ಪ್ರಾಣರಕ್ಷಣೆಯೂ ಒಂದೇ. ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲನೆಯ ನಾವಿಕನಾದ ಜೋಷುವಾ ಸ್ಲೋಕಮ್ಮನೂ, ಅವನನ್ನು ಹೊತ್ತು ತಂದ ‘ಸ್ಪ್ರೇ’ ಎಂಬ ಚಿಕ್ಕ ನೌಕೆಯೂ ಈ ಮಾತಿಗೆ ಎರಡು ಬಗೆಯಿಂದಲೂ ನಿದರ್ಶನವಾಗಿರುವರು.

ಸ್ಲೋಕಮ್ಮನು 1844ನೆಯ ಇಸವಿಯ ಫೆಬ್ರವರಿ 20ರಂದು ಕೆನಡಾ ದೇಶದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದನು. ತಂದೆಯು ಮೊದಲು ಬೇಸಾಯಗಾರ, ಬಳಿಕ ಪಾದರಕ್ಷೆಗಳನ್ನು ಹೊಲಿಯುವವನು. ಹುಡುಗನು ಚಿಕ್ಕಂದಿನಲ್ಲಿಯೇ ಮನೆಯನ್ನು ಬಿಟ್ಟು ಹಡಗುಗಳನ್ನು ಸೇರಿ, ಕ್ರಮಕ್ರಮವಾಗಿ ಮೇಲೇರಿ, ‘ನಾರ್ದರ್ನ್ ಲೈಟ್’ ಎಂಬ ಮಹಾನೌಕೆಗೆ ನಾಯಕನಾದನು. ಆದರೆ ಅವನ ಏಳಿಗೆಯ ಕಾಲವೇ ಹಾಯಿಹಡಗುಗಳ ಇಳಿಗಾಲವಾಗಿದ್ದಿತು. ಹಬೆಯ ಹಡಗುಗಳು ಸರಕನ್ನೂ ಪ್ರಯಾಣಿಕರನ್ನೂ ಸೆಳೆದುಕೊಂಡವು. 1884ರಲ್ಲಿ ಅವನ ಪತ್ನಿ ವರ್ಜೀನಿಯಾ ತೀರಿಕೊಂಡಳು. 1887ರ ಕೊನೆಯಲ್ಲಿ ಸ್ವಂತ ಹಡಗಾದ ‘ಅಕ್ವಿಡ್ನೆಕ್’ ಬ್ರೆಜಿಲ್ ದೇಶದ ತೀರದಲ್ಲಿ ಒಡೆದುಹೋಯಿತು. ಅವನು ಎದೆಗೆಡದೆ ಅಲ್ಲಿಯೇ 35 ಅಡಿಯ ‘ಲಿಬರ್ಡಾಡೆ’ ಎಂಬ ದೋಣಿಯನ್ನು ಕಟ್ಟಿ, ಎರಡನೆಯ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು 1888ರಲ್ಲಿ ಅಮೆರಿಕೆಗೆ ಮರಳಿದನು. ಮರಳಿದವನಿಗೆ ಹಡಗೂ ಇಲ್ಲ, ಉದ್ಯೋಗವೂ ಇಲ್ಲ. ಅವನು ಬಲ್ಲ ವಿದ್ಯೆಯು ಲೋಕಕ್ಕೆ ಬೇಡವಾಗಿದ್ದಿತು.

1892ರ ಚಳಿಗಾಲದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳ ನಾಯಕನಾಗಿದ್ದ ಎಬೆನ್ ಪಿಯರ್ಸನೆಂಬ ಹಳೆಯ ಗೆಳೆಯನು, ಫೇರ್‌ಹೇವನ್ನಿಗೆ ಬಂದರೆ ಒಂದು ಹಡಗನ್ನು ಕೊಡುವೆನೆಂದೂ ಅದಕ್ಕೆ ಸ್ವಲ್ಪ ದುರಸ್ತಿ ಬೇಕಾಗಿದೆಯೆಂದೂ ತಿಳಿಸಿದನು. ಸ್ಲೋಕಮ್ಮನು ಹೋಗಿ ನೋಡಿದರೆ, ಸಮುದ್ರದಿಂದ ದೂರವಾಗಿ ಒಂದು ಹೊಲದ ನಡುವೆ, ಊರುಗೋಲುಗಳ ಆಸರೆಯಲ್ಲಿ ಹರಕು ಕ್ಯಾನ್ವಾಸನ್ನು ಹೊದ್ದು ನಿಂತಿದ್ದಿತು ಆ ಹಡಗು. ಸಿಂಪಿಗಳನ್ನು ಹಿಡಿಯುವ ಕೆಲಸದಿಂದ ನಿವೃತ್ತಿ ಹೊಂದಿ ಏಳು ವರ್ಷ ಬಿಸಿಲು ಮಳೆಗಳಲ್ಲಿ ನಿಂತಿದ್ದ ಆ ದೋಣಿಯ ಹೆಸರೇ ‘ಸ್ಪ್ರೇ’. ಊರಿನವರು ಅದನ್ನು ಒಡೆಯುವುದಕ್ಕಾಗಿ ಬಂದಿರುವನೆಂದೇ ಭಾವಿಸಿದರು. ಕಟ್ಟುವುದಕ್ಕಾಗಿ ಬಂದವನೆಂದು ಕೇಳಿ ಬೆರಗಾದರು. ಇದರಿಂದ ಲಾಭವುಂಟೇ ಎಂಬುದೇ ಎಲ್ಲರ ಪ್ರಶ್ನೆಯಾಯಿತು.

ಅವನು ಸಮೀಪದ ಹುಲ್ಲುಗಾವಲಿನಲ್ಲಿ ಬೆಳೆದಿದ್ದ ಓಕ್ ಮರವನ್ನು ಕಡಿದು, ದೋಣಿಯ ಬೆನ್ನೆಲುಬಾದ ಅಡಿಮರವನ್ನು ಅದರಿಂದ ಮಾಡಿದನು. ಪಕ್ಕೆಲುಬುಗಳಾಗಬೇಕಾದ ತೊಲೆಗಳನ್ನು ಹಬೆಯ ಪೆಟ್ಟಿಗೆಯಲ್ಲಿಟ್ಟು ಮೆತ್ತಗೆ ಮಾಡಿ ಬಾಗಿಸಿದನು. ಮೈಗೆ ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿದನು. ಹಲಗೆಗಳ ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ಗಿಡಿದು, ನೀರಿನಲ್ಲಿ ಮುಳುಗುವ ತಳಕ್ಕೆ ತಾಮ್ರದ ಬಣ್ಣವನ್ನೂ ಮೇಲ್ಮೈಗೆ ಸಫೇತಿನ ಬಿಳಿಯ ಬಣ್ಣವನ್ನೂ ಬಳಿದನು. ಕೂವೆಮರಕ್ಕೆ ನ್ಯೂ ಹ್ಯಾಂಪ್‌ಷೈರಿನ ಸ್ಪ್ರೂಸ್ ಮರ ಬಂದಿತು. ಹೀಗೆ ಹಳೆಯ ಭಾಗವೊಂದನ್ನು ತೆಗೆದು ಅದರ ಎಡೆಯಲ್ಲಿ ಹೊಸದನ್ನಿಡುತ್ತ ಇಡುತ್ತ ಹಳೆಯದೇನೂ ಉಳಿಯದಂತಾಯಿತು. ಹಾಗಾದರೆ ಇದು ಹಳೆಯ ‘ಸ್ಪ್ರೇ’ಯೋ ಹೊಸ ದೋಣಿಯೋ? ತುಂಡು ತುಂಡಾಗಿ ದುರಸ್ತಿಯಾಗುತ್ತ ಪೂರ್ತಿ ಹೊಸದಾದರೂ ಹಡಗಿನ ಹೆಸರು ಮೊದಲಿನದೇ ಎಂಬುದು ಹಡಗಿನವರ ಪದ್ಧತಿ. ಸ್ಲೋಕಮ್ಮನೂ ಅದನ್ನೇ ಅನುಸರಿಸಿದನು. ಸಾಮಗ್ರಿಗೆ ಬಿದ್ದ ವೆಚ್ಚ 553 ಡಾಲರು 62 ಸೆಂಟು. ಹಿಡಿದ ಕಾಲ 13 ತಿಂಗಳು. ದೋಣಿಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ, ಒಳಗಿನ ಆಳ 4 ಅಡಿ 2 ಅಂಗುಲ. ತೂಕಕ್ಕೆಂದು ಹೊರಗೆ ಏನನ್ನೂ ಕಟ್ಟದೆ, ಒಳಗೆ ಸಿಮೆಂಟಿನ ಭಾರವನ್ನು ಕದಲದಂತೆ ಬಿಗಿದಿದ್ದನು.

ಒಂದು ಋತು ಮೀನುಗಾರಿಕೆ ಮಾಡಿ ನೋಡಿದನು. ಅದು ಕೈಗೆ ಹತ್ತಲಿಲ್ಲ. ಕಡೆಗೆ 1895ರ ಏಪ್ರಿಲ್ 24ರಂದು, ತನ್ನ 51ನೆಯ ವಯಸ್ಸಿನಲ್ಲಿ, ಬಾಸ್ಟನ್ ಬಂದರಿನಿಂದ ಲಂಗರನ್ನೆತ್ತಿದನು. ಅವನ ಸಜ್ಜಿನ ಬಡತನವು ಗಮನಿಸತಕ್ಕದ್ದು. ಕಾಲಮಾಪಕ ಯಂತ್ರವೊಂದಿದ್ದಿತು, ಅದನ್ನು ಸರಿಪಡಿಸಲು 15 ಡಾಲರು ಬೇಕೆಂದುದರಿಂದ ಮನೆಯಲ್ಲಿಯೇ ಬಿಟ್ಟುಬಂದು, ಯಾರ್ಮತ್ ಊರಿನಲ್ಲಿ ಮುಖ ಒಡೆದಿದ್ದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡನು. ಬಿಸಾಡಿದ್ದ ಸಣ್ಣ ದೋಣಿಯೊಂದನ್ನು ಅಡ್ಡಕ್ಕೆ ಕೊಯ್ದು ಅರ್ಧವನ್ನು ಹೊತ್ತುಕೊಂಡನು. ದಡಕ್ಕೆ ಹೋಗಲು ಅದೇ ವಾಹನ, ಬಟ್ಟೆ ಒಗೆಯಲು ಅದೇ ತೊಟ್ಟಿ.

ಮೊದಲು ಪೂರ್ವಕ್ಕೆ ಸಾಗಿ ಮೆಡಿಟರೇನಿಯನ್ ಮಾರ್ಗವಾಗಿ ಹೋಗುವುದು ಅವನ ಸಂಕಲ್ಪವಾಗಿದ್ದಿತು. ಜಿಬ್ರಾಲ್ಟರಿನಲ್ಲಿ ಆಂಗ್ಲ ನೌಕಾಧಿಕಾರಿಗಳು ಆ ದಾರಿಯ ಕಡಲ್ಗಳ್ಳರ ಭಯವನ್ನು ತಿಳಿಸಲಾಗಿ, ಅಟ್ಲಾಂಟಿಕ್ ಸಾಗರವನ್ನು ಮತ್ತೆ ದಾಟಿ ಪಶ್ಚಿಮಾಭಿಮುಖವಾಗಿ ಹೊರಟನು. ಮುಂದೆ ಮೆಗೆಲ್ಲನ್ ಜಲಸಂಧಿಯ ಬಿರುಗಾಳಿಗಳಿದ್ದುದರಿಂದ ಬ್ಯುನಾಸ್ ಐರಿಸ್ಸಿನಲ್ಲಿ ಕೂವೆಮರವನ್ನು ಏಳು ಅಡಿ ಮೊಟಕು ಮಾಡಿದನು. ಹಿಂಭಾಗದಲ್ಲಿ ಚಿಕ್ಕ ಕೂವೆಯೊಂದನ್ನು ನಿಲ್ಲಿಸುವುದಕ್ಕೂ ಏರ್ಪಾಡು ಮಾಡಿಕೊಂಡನು. ದೊಡ್ಡ ಹಾಯಿಗೆ ಆಸೆಪಡದೆ ಸಮಯಕ್ಕೆ ತಕ್ಕಂತೆ ಅದನ್ನು ಕುಗ್ಗಿಸಬಲ್ಲವನೇ ನಿಜವಾದ ನಾವಿಕನು.

ಜಲಸಂಧಿಯನ್ನು ದಾಟಿ ಶಾಂತಸಾಗರಕ್ಕೆ ಬಂದೊಡನೆ ಚಂಡಮಾರುತವು ಅವನನ್ನು ಕೇಪ್ ಹಾರ್ನಿನ ಕಡೆಗೆ ಅಟ್ಟಿತು. ದೊಡ್ಡ ಹಾಯಿ ಚಿಂದಿಯಾಯಿತು. ಬಂಡೆಗಳ ಮೇಲೆ ಅಲೆಗಳೊಡೆದು ಬೆಳ್ಳಗಾಗುವ ಸಮುದ್ರದಲ್ಲಿ ರಾತ್ರಿಯೆಲ್ಲ ದಾರಿಯನ್ನರಸುತ್ತ, ಹಿಂದಿರುಗಿ ಅದೇ ಜಲಸಂಧಿಯನ್ನು ಸೇರಿದನು. ಹರಿದ ಹಾಯಿಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಸೇರಿಸಿ ಹೊಲಿಯುವುದೇ ಅಲ್ಲಿನ ದಿನಚರಿಯಾಯಿತು. ವಲಸೆಗಾರರ ಕುರಿಗಾವಲುಗಳಿಂದ ತಮ್ಮ ನೆಲವನ್ನು ಕಳೆದುಕೊಳ್ಳುತ್ತಿದ್ದ ಆ ಪ್ರಾಂತದ ಮೂಲನಿವಾಸಿಗಳು ಕತ್ತಲಲ್ಲಿ ದೋಣಿಯನ್ನೇರಿದಾಗ, ಮಲಗುವ ಮುನ್ನ ಅವನು ಹಲಗೆಯ ಮೇಲೆ ಚೆಲ್ಲಿದ್ದ ಮೊಳೆಗಳನ್ನು ತುಳಿದು ಓಡಿದುದು ಪ್ರಸಿದ್ಧವಾದ ಕಥೆ.

ಲಾಭದ ಪ್ರಶ್ನೆಗೆ ಉತ್ತರವನ್ನು ಅವನು ದಾರಿಯುದ್ದಕ್ಕೂ ಕೊಡುತ್ತ ಹೋದನು. ಜಲಸಂಧಿಯ ತೀರದಲ್ಲಿ ಒಡೆದ ಹಡಗಿನ ಕೊಬ್ಬಿನ ಪೀಪಾಯಿಗಳು ಸಿಕ್ಕಿದವು. ಅದರಲ್ಲಿ ಕರಿದ ತಿಂಡಿಯನ್ನು ಹ್ವಾನ್ ಫೆರ್ನಾಂಡೆಸ್ ದ್ವೀಪದವರಿಗೆ ಮಾರಿದನು. ಉಳಿದ ಕೊಬ್ಬು ಸಮೋವಾದಲ್ಲಿ ಸಾಬೂನು ಮಾಡುವ ಜರ್ಮನನ ಪಾಲಾಯಿತು. ಮೆಲ್ಬರ್ನಿನಲ್ಲಿ ಬಂದರಿನ ಸುಂಕವನ್ನು ಕೇಳಿದರು. ಅವನು ನೋಡಬಂದವರಿಂದ ಆರಾರು ಪೆನ್ನಿಗಳನ್ನು ತೆಗೆದುಕೊಂಡು ಆ ಸುಂಕವನ್ನು ತುಂಬಿಕೊಂಡನು. ಸಮೋವಾದಲ್ಲಿ ಗ್ರಂಥಕರ್ತನಾದ ಸ್ಟೀವನ್ಸನನ ವಿಧವೆಯು ಅವನನ್ನು ಆದರಿಸಿದಳು.

‘ಸ್ಪ್ರೇ’ಯ ಅತಿಶಯವಾದ ಗುಣವೆಂದರೆ ತನ್ನ ದಾರಿಯನ್ನು ತಾನೇ ಹಿಡಿಯುವುದು. ಹಾಯಿಗಳನ್ನು ಹೊಂದಿಸಿ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿದರೆ, ಉದ್ದವಾದ ಅಡಿಮರದ ಬಲದಿಂದ ಅದು ದಿನಗಟ್ಟಲೆ ನೇರವಾಗಿ ಸಾಗುವುದು. 1897ರಲ್ಲಿ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಗಳನ್ನು 23 ದಿನಗಳಲ್ಲಿ ಕ್ರಮಿಸಿದಾಗ ಅವನು ಚುಕ್ಕಾಣಿಯನ್ನು ಹಿಡಿದುದು ಒಟ್ಟು ಮೂರು ಗಂಟೆಗಳಷ್ಟು ಮಾತ್ರ. ಉಳಿದ ಹೊತ್ತೆಲ್ಲ ಅಡಿಗೆ, ಹೊಲಿಗೆ, ಓದು. ಆದರೆ ಇದನ್ನು ಅದೃಷ್ಟವೆಂದು ತಿಳಿಯಬಾರದು. ಟಾಸ್ಮೇನಿಯಾದಲ್ಲಿ ದೋಣಿಯನ್ನು ದಡಕ್ಕೆಳೆದು ಮೇಲೂ ಕೆಳಗೂ ಪರೀಕ್ಷಿಸಿ, ಮರವನ್ನು ಕೊರೆಯುವ ಕಡಲಹುಳುವಿನ ಸುಳಿವು ಇಲ್ಲದಿದ್ದರೂ ತಳಕ್ಕೆ ಮತ್ತೊಮ್ಮೆ ತಾಮ್ರದ ಬಣ್ಣವನ್ನು ಬಳಿದಿದ್ದನು. ರೋಗವಿಲ್ಲದಿರುವಾಗಲೇ ಪಥ್ಯವನ್ನು ನಡೆಸುವ ಈ ಬುದ್ಧಿಯೇ ಅವನನ್ನು ಕಾಪಾಡಿತು. ಗಣಿತದಲ್ಲಿಯೂ ಅವನು ಅದೇ ಬಗೆಯವನು. ಶಾಂತಸಾಗರದಲ್ಲಿ ಚಂದ್ರನನ್ನು ನೋಡಿ ರೇಖಾಂಶವನ್ನು ಕಟ್ಟುವಾಗ ಲೆಕ್ಕವು ಕೂಡದಿರಲು, ತಪ್ಪು ತನ್ನದಲ್ಲ, ಅಚ್ಚಾದ ಕೋಷ್ಟಕದ್ದೆಂದು ಕಂಡುಹಿಡಿದನು.

ಆಫ್ರಿಕದಲ್ಲಿ ಅಧ್ಯಕ್ಷ ಕ್ರೂಗರನು, ಭೂಮಿಯು ಚಪ್ಪಟೆಯೆಂಬ ನಂಬಿಕೆಯವನಾದುದರಿಂದ, ಭೂಮಿಯ ಸುತ್ತ ಬರುವುದು ಅಸಾಧ್ಯವೆಂದು ಅವನ ಮಾತನ್ನು ತಿದ್ದಿದನು. ಸೇಂಟ್ ಹೆಲೀನಾದಲ್ಲಿ ಉಡುಗೊರೆಯಾಗಿ ಬಂದ ಆಡು ವೆಸ್ಟ್ ಇಂಡೀಸಿನ ನಕ್ಷೆಯನ್ನೇ ತಿಂದುಹಾಕಿತು. ಈ ವಿನೋದಗಳನ್ನೆಲ್ಲ ದಾಟಿ 1898ರ ಜೂನ್ 27ರ ನಡುರಾತ್ರಿ ಕಳೆದ ಮೇಲೆ ನ್ಯೂಪೋರ್ಟ್ ಬಂದರನ್ನು ಸೇರಿದನು. ಸಾಗಿದ ದೂರ 46,000 ಮೈಲಿ. ಕಳೆದ ಕಾಲ ಮೂರು ವರ್ಷ ಎರಡು ತಿಂಗಳು. ಆದರೂ ದೋಣಿಯನ್ನು ಫೇರ್‌ಹೇವನ್ನಿಗೆ ಒಯ್ದು, ಮೊದಲ ದಿನ ನೀರಿಗಿಳಿಸಿದಾಗ ಯಾವ ಗೂಟಕ್ಕೆ ಕಟ್ಟಿದ್ದನೋ ಅದೇ ಗೂಟಕ್ಕೆ ಕಟ್ಟಿದ ಹೊರತು ಅವನಿಗೆ ಸಮಾಧಾನವಾಗಲಿಲ್ಲ. 1900ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥವು ಇಂದಿಗೂ ಓದುಗರನ್ನು ಪಡೆದಿದೆ.

ಚರಿತ್ರೆಯು ಇಲ್ಲಿಗೆ ಮುಗಿದಿದ್ದರೆ ಮಂಗಳವಾಗುತ್ತಿದ್ದಿತು. ಸ್ಲೋಕಮ್ಮನು ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಜಮೀನನ್ನು ಕೊಂಡನಾದರೂ ನೆಲದ ಬಾಳು ಅವನಿಗೆ ಒಗ್ಗಲಿಲ್ಲ. ಚಳಿಗಾಲ ಬಂದರೆ ವೆಸ್ಟ್ ಇಂಡೀಸಿಗೆ ಏಕಾಕಿಯಾಗಿ ಹೊರಟುಬಿಡುವನು. ಆ ವರ್ಷಗಳಲ್ಲಿ ‘ಸ್ಪ್ರೇ’ಯನ್ನು ಕಂಡವರು ಅದರ ಹಗ್ಗಗಳು ಸವೆದಿದ್ದುವೆಂದೂ ಆರೈಕೆ ತಪ್ಪಿದ್ದಿತೆಂದೂ ಬರೆದಿಟ್ಟಿದ್ದಾರೆ. ಯಜಮಾನನ ಕೈಗೂ ಮುಪ್ಪು ಬಂದಿದ್ದಿತು. ಅವನಿಗೆ ಈಜು ಬರುತ್ತಿರಲಿಲ್ಲ. 1909ರ ಅನಂತರ ಮನುಷ್ಯನನ್ನಾಗಲಿ ದೋಣಿಯನ್ನಾಗಲಿ ಕಂಡವರಿಲ್ಲ. 1924ರಲ್ಲಿ ನ್ಯಾಯಾಲಯವು ಅವನನ್ನು ಮೃತನೆಂದು ಸಾರಿತು.

ದೋಣಿಯ ಯೋಗ್ಯತೆಯನ್ನು ಕುರಿತು ಬಲ್ಲವರಲ್ಲಿ ವಾದವೆದ್ದಿತು. 1909ರಲ್ಲಿ ಸಿಪ್ರಿಯಾನೊ ಆಂಡ್ರೇಡನೆಂಬ ತಜ್ಞನು ಅದರ ಆಕಾರವನ್ನು ಗಣಿತದಿಂದ ವಿಚಾರಿಸಿ, ಅದರ ಸಮತೋಲವು ಆಶ್ಚರ್ಯಕರವೆಂದು ಹೊಗಳಿದನು. ದೋಣಿಗಳ ವಿನ್ಯಾಸಕಾರನಾದ ಜಾನ್ ಹ್ಯಾನ್ನಾ ಎಂಬವನಾದರೋ, ಒಂದು ಮಿತಿಯನ್ನು ಮೀರಿ ವಾಲಿದರೆ ಅದು ಮತ್ತೆ ನೆಟ್ಟಗಾಗದೆಂದೂ, ಪರಿಣತನಲ್ಲದವನು ಅದರ ಅನುಕರಣವನ್ನು ಮಾಡುವುದು ಅಪಾಯವೆಂದೂ ಎಚ್ಚರಿಸಿದನು. ಇವೆರಡೂ ಸತ್ಯವಾಗಿರಬಹುದು. ದೋಣಿಯ ಕುಂದನ್ನು ಬಲ್ಲವನು, ಎಲ್ಲಿ ಹಾಯಿಯನ್ನಿಳಿಸಬೇಕೆಂದು ಅರಿತವನು, ಅದರೊಡನೆ ಭೂಮಿಯನ್ನು ಸುತ್ತಿಬಂದನು.

ಅವನ ಹಿಂದೆ ಏಕಾಂಗಿ ನಾವಿಕರ ಸಾಲೊಂದು ಬೆಳೆಯಿತು. 1921ರಿಂದ 1925ರವರೆಗೆ ಹ್ಯಾರಿ ಪಿಜನ್ ತಾನೇ ಕಟ್ಟಿದ ದೋಣಿಯಲ್ಲಿ ಸುತ್ತಿದನು. 2009-10ರಲ್ಲಿ ಭಾರತೀಯ ನೌಕಾದಳದ ದಿಲೀಪ್ ದೊಂಡೆಯವರು ಗೋವೆಯಲ್ಲಿ ನಿರ್ಮಿತವಾದ ‘ಮ್ಹಾದೇಯಿ’ಯಲ್ಲಿ ಮುಂಬಯಿಯಿಂದ ಹೊರಟು ಪ್ರದಕ್ಷಿಣೆಯನ್ನು ಮುಗಿಸಿ, ಭಾರತೀಯರಲ್ಲಿ ಮೊದಲಿಗರಾದರು. ಫೇರ್‌ಹೇವನ್ನಿನ ಹೊಲದಲ್ಲಿ ಕೇಳಿಬಂದ ಲಾಭದ ಪ್ರಶ್ನೆಯು ಅಂದಿನ ಲೋಕಕ್ಕೆ ಸಹಜವಾದುದೇ. ಆದರೆ ಬೇಡವೆಂದು ತಳ್ಳಿದ ಒಬ್ಬ ಮನುಷ್ಯನೂ ಬೇಡವೆಂದು ಬಿಟ್ಟ ಒಂದು ದೋಣಿಯೂ ಪರಸ್ಪರ ದುರಸ್ತಿಮಾಡಿಕೊಂಡುದೇ ಆ 553 ಡಾಲರುಗಳಿಂದ ಬಂದ ಲಾಭ. ಕೈ ದೋಣಿಯನ್ನು ನೋಡಿಕೊಂಡಷ್ಟು ಕಾಲ ದೋಣಿಯೂ ಕೈಯನ್ನು ಬಿಡಲಿಲ್ಲ.